ಬೀಟಲ್ ಕಾರಿಗೆ ಗಾಜು ತೊಡಿಸುವಾಗ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಮುಂದಿನ ಗಾಜಿಗೆ ತಿರುಪಿನ ಹಂಗಿಲ್ಲ, ಅಂಟಿನ ಹಂಗೂ ಇಲ್ಲ. ಅದನ್ನು ಹಿಡಿದು ನಿಲ್ಲಿಸಿರುವುದು ಸುತ್ತಲಿನ ಕಪ್ಪು ರಬ್ಬರ್ ಬೀಡಿಂಗ್ ಮಾತ್ರ. ಇಂದಿನ ಕಾರುಗಳ ಗಾಜು ಅಂಟಿನಿಂದ ತಗಡಿಗೆ ಕಚ್ಚಿಕೊಂಡಿರುತ್ತದೆ. ಬೀಟಲ್‌ನ ಗಾಜು ರಬ್ಬರಿನ ಆಸರೆಯಲ್ಲಿ ತೇಲುತ್ತಿರುತ್ತದೆ.

ಬೀಡಿಂಗಿನ ಒಂದು ತುಂಡನ್ನು ಅಡ್ಡ ಕೊಯ್ದು ನೋಡಿದರೆ ಅದರ ಜಾಣತನ ಕಾಣುತ್ತದೆ. ಒಳಮುಖದ ತೋಡಿನಲ್ಲಿ ಗಾಜಿನ ಅಂಚು, ಹೊರಮುಖದ ತೋಡಿನಲ್ಲಿ ತಗಡಿನ ಅಂಚು. ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಹಳ್ಳದಿಣ್ಣೆಯಲ್ಲಿ ಓಡುವ ಕಾರಿನ ಮೈ ಕೊಂಚ ತಿರುಚುತ್ತದೆ, ಬಿಸಿಲಿಗೆ ಹಿಗ್ಗುತ್ತದೆ. ಗಾಜಿಗೆ ಬಾಗುವ ಗುಣವಿಲ್ಲ. ನಡುವಿನ ರಬ್ಬರು ಆ ಅಲುಗಾಟವನ್ನೆಲ್ಲ ತಾನೇ ನುಂಗುತ್ತದೆ, ಮಳೆಯನ್ನೂ ಹೊರಗೇ ತಡೆಯುತ್ತದೆ.

ಬೀಡಿಂಗ್ ಆರಿಸುವುದಕ್ಕೂ ಕಣ್ಣು ಬೇಕು. 1964ರವರೆಗಿನ ಮಾದರಿಗಳಲ್ಲಿ ಗಾಜು ಚಪ್ಪಟೆ. 1965ರ ಮಾದರಿಯಿಂದ ಅದು ದೊಡ್ಡದಾಗಿ, ತುಸು ಬಾಗಿತು. 1973ರ 1303 ಮಾದರಿಯಲ್ಲಿ ಚೆನ್ನಾಗಿಯೇ ಉಬ್ಬಿತು. ಒಂದರ ಬೀಡಿಂಗ್ ಇನ್ನೊಂದಕ್ಕೆ ಒಗ್ಗದು. ಡೀಲಕ್ಸ್ ಮಾದರಿಗಳಲ್ಲಿ ಬೀಡಿಂಗಿನ ಮೇಲೊಂದು ಹೊಳೆಯುವ ಲೋಹದ ಪಟ್ಟಿ. ಗಾಜು ಕಾರಿಗೆ ಏರುವ ಮೊದಲೇ ಆ ಪಟ್ಟಿಯನ್ನು ರಬ್ಬರಿನಲ್ಲಿ ಕೂರಿಸಬೇಕು.

ಹಳೆಯ ರಬ್ಬರಿನಡಿ ನೀರು ನಿಂತು ಹಿಡಿದ ತುಕ್ಕನ್ನು ಕೆರೆದು, ತಗಡಿಗೆ ಬಣ್ಣ ಹೊಡೆದ ಮೇಲೆ ನಿಜವಾದ ಸೊಗಸು ಶುರು. ಬಿಸಿಲಿಗಿಟ್ಟು ಮೆತ್ತಗಾದ ಬೀಡಿಂಗನ್ನು ಗಾಜಿನ ಸುತ್ತ ಹೊದಿಸುತ್ತಾರೆ. ಹೊರಮುಖದ ತೋಡಿನ ಉದ್ದಕ್ಕೂ ಗಟ್ಟಿ ದಾರವೊಂದನ್ನು ಹಾಯಿಸಿ, ಎರಡೂ ತುದಿಗಳನ್ನು ಕೆಳಗೆ ನಟ್ಟನಡುವೆ ಒಂದರ ಮೇಲೊಂದು ದಾಟಿಸಿ, ಕಾರಿನೊಳಕ್ಕೆ ಇಳಿಬಿಡುತ್ತಾರೆ. ಜಾರಲು ಸೋಪಿನ ನೀರು ಸಾಕು. ಗ್ರೀಸು, ಆಯಿಲು ತಾಗಿದರೆ ರಬ್ಬರು ಉಬ್ಬಿ ಕೆಡುತ್ತದೆ.

ಹೊರಗೊಬ್ಬರು ಅಂಗೈ ಅಗಲಿಸಿ ಗಾಜನ್ನು ಒತ್ತುತ್ತಾರೆ, ಒಳಗೊಬ್ಬರು ದಾರವನ್ನು ನಿಧಾನವಾಗಿ ಸೆಳೆಯುತ್ತಾರೆ. ದಾರ ಹೊರಬಂದಷ್ಟು ದೂರ ರಬ್ಬರಿನ ತುಟಿ ಮೇಲೆದ್ದು, ತಗಡಿನ ಅಂಚನ್ನು ದಾಟಿ, ಒಳಗೆ ಮಡಚಿ ಕೂರುತ್ತದೆ. ಅಂಗೈಯೂ ದಾರದ ಜೊತೆಜೊತೆಗೇ ಸರಿಯಬೇಕು. ಬಳೆಗಾರ ಸೋಪು ಹಚ್ಚಿದ ಕೈಯನ್ನು ಅಮುಕಿ ಅಮುಕಿ ಗಾಜಿನ ಬಳೆ ಏರಿಸುವ ನಯವೇ ಇಲ್ಲಿಯದೂ. ಮೂಲೆಯಲ್ಲಿ ದಾರ ಬಿಗಿದರೆ ಬಲ ಕೂಡಿಸಬಾರದು, ಸೋಪಿನ ನೀರು ಕೂಡಿಸಬೇಕು.

ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿದ್ದರಂತೂ ಅದರ ಗುಣವೇ ಆ ನಯವನ್ನು ಬೇಡುತ್ತದೆ. ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ 1909ರಲ್ಲಿ ಪೇಟೆಂಟ್ ಪಡೆದ ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಹಾಳೆಗಳ ನಡುವೆ ತೆಳುಪದರವಿರುತ್ತದೆ. ಒಡೆದರೂ ಚೂರುಗಳು ಚೆದುರದೆ ಅಂಟಿಕೊಂಡಿರುತ್ತವೆ, ಒಳಗೆ ಕೂತವರ ಮುಖ ಉಳಿಯುತ್ತದೆ. ಆದರೆ ಅಂಚಿನ ಒಂದೇ ಕಡೆ ಒತ್ತಡ ಹೆಚ್ಚಿದರೆ ಅಲ್ಲಿಂದಲೇ ಬಿರುಕು ಓಡುತ್ತದೆ.

ದಾರದ ಕೊನೆ ಮೇಲ್ಗಡೆ ಹೊರಬಂದಾಗ ಗಾಜು ಕೂತಿರುತ್ತದೆ. ನನ್ನನ್ನು ಹೆಚ್ಚು ಸೆಳೆಯುವುದು ಇದರ ಇನ್ನೊಂದು ಗುಣ: ಕೂತದ್ದನ್ನು ಮತ್ತೆ ಎಬ್ಬಿಸಬಹುದು. ರಬ್ಬರು ಮುಪ್ಪಾದ ದಿನ ಅದನ್ನಷ್ಟೇ ಕಳಚಿ, ಗಾಜನ್ನೂ ತಗಡನ್ನೂ ನೋಯಿಸದೆ ಹೊಸದನ್ನು ತೊಡಿಸಬಹುದು. ಹಳೆಯ ಬೀಟಲ್‌ಗಳು ಇಂದಿಗೂ ರಸ್ತೆಯಲ್ಲಿರುವುದಕ್ಕೆ ಹೀಗೆ ಬಿಚ್ಚಿ ಕಟ್ಟಲು ಎಡೆಗೊಡುವ ಜೋಡಣೆಗಳೂ ಒಂದು ಕಾರಣ. ಮುಂದೆ ರಿಪೇರಿಗೆ ಕೂರುವ ಕೈಯನ್ನು ಅಂದೇ ನೆನೆದು ಮಾಡಿದ ಕೆಲಸವಿದು.