ಕೈಯಿಂದ ಕೈಗೆ ಸಾಗಿದ ಪದ್ಯಗಳು: ‘ಪೊಯೆಟ್ರಿ ಅಂಡ್ ದ ಪೊಲೀಸ್’ ಗ್ರಂಥವನ್ನು ಕುರಿತು

ಪ್ರಜೆಗಳ ರಾಜಕೀಯ ಮನೋಭಾವವು ಯಾವ ದಾರಿಯಿಂದ ಬದಲಾಗುತ್ತದೆಂಬ ಪ್ರಶ್ನೆಗೆ ಚರಿತ್ರಕಾರರು ಬಹುಕಾಲ ಅಚ್ಚಾದ ಪುಸ್ತಕಗಳಲ್ಲಿಯೇ ಉತ್ತರವನ್ನು ಹುಡುಕಿದರು. ಫ್ರಾನ್ಸಿನ ಮಹಾಕ್ರಾಂತಿಗೆ ರೂಸೋ ವಾಲ್ಟೇರರ ಗ್ರಂಥಗಳೇ ಬೀಜವೆಂದು ತರಗತಿಯಲ್ಲಿ ಬರೆದುಕೊಂಡವರಲ್ಲಿ ನಾವೂ ಸೇರಿದ್ದೇವೆ. ಈ ಉತ್ತರವನ್ನು ಅಷ್ಟಕ್ಕೇ ಒಪ್ಪದೆ, ಕದ್ದು ಮಾರಿದ ಪುಸ್ತಕಗಳನ್ನೂ ಬೀದಿಯ ಮಾತನ್ನೂ ಬೆನ್ನಟ್ಟಿದ ವಿದ್ವಾಂಸರಲ್ಲಿ ರಾಬರ್ಟ್ ಡಾರ್ನ್‌ಟನ್ ಅವರು ಪ್ರಮುಖರು. 2010ರಲ್ಲಿ ಪ್ರಕಟವಾದ ಅವರ ‘ಪೊಯೆಟ್ರಿ ಅಂಡ್ ದ ಪೊಲೀಸ್’ ಗಾತ್ರದಲ್ಲಿ ಚಿಕ್ಕದು. ಅಚ್ಚುಕೂಟಕ್ಕೆ ಹೊರತಾಗಿ, ಬಾಯಿಂದ ಬಾಯಿಗೆ, ಚೀಟಿಯಿಂದ ಚೀಟಿಗೆ ಸಾಗಿದ ಪದ್ಯಗಳ ಜಾಲವೊಂದನ್ನು ಅದು ಬಿಡಿಸಿಡುತ್ತದೆ. ಗ್ರಂಥದ ಗುಣವನ್ನು ಮೆಚ್ಚುತ್ತಲೇ, ಅದರ ಮುಖ್ಯಾಧಾರದ ವಿಷಯವಾಗಿ ನಮಗಿರುವ ಸಂದೇಹವನ್ನು ಇಲ್ಲಿ ನಿವೇದಿಸಬಯಸುತ್ತೇವೆ.

ಕಥೆ ಇಷ್ಟು. 1749ರ ಏಪ್ರಿಲಿನಲ್ಲಿ ಹದಿನೈದನೆಯ ಲೂಯಿ ದೊರೆಯು ಮಂತ್ರಿ ಮೊರೆಪಾನನ್ನು ಪದಚ್ಯುತಗೊಳಿಸಿ ರಾಜಧಾನಿಯಿಂದ ದೂರಕ್ಕೆ ಅಟ್ಟಿದನು. ದೊರೆಯ ಪ್ರೇಯಸಿ ಮದಾಮ್ ಪೊಂಪದೂರಳನ್ನು ಹಳಿಯುವ ಹಾಡೊಂದು ಅದಕ್ಕೆ ನಿಮಿತ್ತವಾಗಿತ್ತು. ಅದರ ಹಿಂದಿನ ವರ್ಷ ಏ-ಲಾ-ಶಪೆಲ್ ಒಪ್ಪಂದದಲ್ಲಿ ಯುದ್ಧದಲ್ಲಿ ಗೆದ್ದ ನೆಲವನ್ನು ಬಿಟ್ಟುಕೊಟ್ಟದ್ದಾಗಿತ್ತು. ಆಶ್ರಯದಲ್ಲಿದ್ದ ಸ್ಟೂಅರ್ಟ್ ರಾಜಕುಮಾರನನ್ನು ಸೆರೆಹಿಡಿದು ನಾಡಿನಿಂದ ಹೊರಗಟ್ಟಿದ್ದಾಗಿತ್ತು. ಮೇಲೆ ಹೊಸದೊಂದು ತೆರಿಗೆ. ಪ್ಯಾರಿಸಿನಲ್ಲಿ ದೊರೆಯನ್ನೇ ರಾಕ್ಷಸನೆಂದು ಕರೆಯುವ ಪದ್ಯವೊಂದು ಹರಡಿತು. ಕವಿಯನ್ನು ಹಿಡಿಯಬೇಕೆಂದು ಮಂತ್ರಿ ಕೌಂಟ್ ದಾರ್ಜಾನ್ಸನನ ಅಪ್ಪಣೆಯಾಯಿತು. ಸುಳಿವು ಕೊಟ್ಟ ಗೂಢಚಾರನಿಗೆ 12 ಲೂಯಿ ಚಿನ್ನದ ನಾಣ್ಯಗಳು ಸಂದವು. ಕೂಲಿಯಾಳಿನ ಸುಮಾರು ಒಂದು ವರ್ಷದ ಸಂಪಾದನೆಯದು. ಜುಲೈ ತಿಂಗಳ ಮೊದಲಲ್ಲಿ ಬೋನಿ ಎಂಬ ವೈದ್ಯವಿದ್ಯಾರ್ಥಿಯು ಬ್ಯಾಸ್ಟಿಲ್ ಸೇರಿದನು. ಪದ್ಯವನ್ನು ಕೊಟ್ಟವರು ಯಾರೆಂದು ಕೇಳಲು ಅವನು ಒಬ್ಬ ಪಾದ್ರಿಯ ಹೆಸರು ಹೇಳಿದನು. ಆ ಪಾದ್ರಿ ಇನ್ನೊಬ್ಬ ಪಾದ್ರಿಯ ಹೆಸರನ್ನು. ಹೀಗೆ ಒಬ್ಬನ ಹಿಂದೊಬ್ಬನಂತೆ ಹದಿನಾಲ್ಕು ಮಂದಿ ಸೆರೆಯಾದರು. ವಿದ್ಯಾರ್ಥಿಗಳು, ತರುಣ ಪಾದ್ರಿಗಳು, ಗುಮಾಸ್ತರು. ನ್ಯೂಟನ್ನನ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಸಿಗೋರ್ನ್ ಎಂಬ ಅಧ್ಯಾಪಕನು ದೀರ್ಘವಾದ ಪದ್ಯವೊಂದನ್ನು ನೆನಪಿನಿಂದಲೇ ಶಿಷ್ಯರಿಗೆ ಹೇಳಿ ಬರೆಸಿದ್ದನಂತೆ! ಮೂಲಕವಿ ಮಾತ್ರ ಕೊನೆಗೂ ಸಿಕ್ಕಲಿಲ್ಲ.

ಈ ದಫ್ತರದ ಬಲದಿಂದ ಡಾರ್ನ್‌ಟನ್ ಅವರು ಜಾಲದ ನಕ್ಷೆಯೊಂದನ್ನು ಬಾಣದ ಗುರುತುಗಳೊಡನೆ ರಚಿಸಿದ್ದಾರೆ. ನಕ್ಷೆ ಮನೋಹರವಾಗಿದೆ. ನಮ್ಮ ಆಕ್ಷೇಪಣೆ ಹುಟ್ಟುವುದೂ ಅಲ್ಲಿಯೇ. ಸೆರೆಯಾದವನನ್ನು ಪೊಲೀಸರು ಮುಖ್ಯವಾಗಿ ಕೇಳಿದ್ದು ಒಂದೇ ಪ್ರಶ್ನೆ: ನಿನಗೆ ಇದನ್ನು ಕೊಟ್ಟವರು ಯಾರು? ಈ ಪ್ರಶ್ನೆಗೆ ಬರುವ ಉತ್ತರಗಳನ್ನು ಒಂದಕ್ಕೊಂದು ಪೋಣಿಸಿದರೆ ಸರಪಣಿಯ ಆಕಾರವಲ್ಲದೆ ಬೇರೊಂದು ಆಕಾರವು ದೊರೆಯುವುದು ಕಷ್ಟ. ಯಾರಿಗೆ ಓದಿ ಹೇಳಿದೆ, ಕೇಳಿದವರು ನಕ್ಕರೋ ಬೆಚ್ಚಿದರೋ, ಎಷ್ಟು ಮಂದಿ ಚೀಟಿಯನ್ನು ಹರಿದು ಒಲೆಗೆ ಹಾಕಿದರು ಎಂಬುದು ವಿಚಾರಣಾಧಿಕಾರಿಗೆ ಬೇಕಾಗಿರಲಿಲ್ಲ. ಜಾಲವು ಇನ್ನೂ ವಿಸ್ತಾರವಾಗಿದ್ದಿತೆಂಬುದನ್ನು ಗ್ರಂಥಕರ್ತರೇ ಒಪ್ಪುತ್ತಾರೆ. ಈ ಹದಿನಾಲ್ವರನ್ನು ಕ್ರಾಂತಿಕಾರರೆಂದು ಕರೆಯುವ ಆತುರವನ್ನೂ ಅವರು ತೋರುವುದಿಲ್ಲ. ಆದರೆ ಪ್ರಶ್ನೆ ವಿಸ್ತಾರದ್ದಲ್ಲ. ಪದ್ಯವು ಕೈ ಬದಲಾಯಿಸಿತೆಂಬುದಕ್ಕೆ ಸಾಕ್ಷ್ಯವಿದೆ; ಅದನ್ನು ಹಿಡಿದವನ ಮನಸ್ಸು ಬದಲಾಯಿತೆಂಬುದಕ್ಕೆ ಈ ನಕ್ಷೆಯಲ್ಲಿ ಸಾಕ್ಷ್ಯವಿಲ್ಲ. ವಾಟ್ಸಾಪಿನ ಸಂದೇಶವೊಂದು ಎಷ್ಟು ಮಂದಿಗೆ ಮುಟ್ಟಿತೆಂದು ಎಣಿಸಿ, ಅಷ್ಟು ಮಂದಿಯೂ ಅದನ್ನು ನಂಬಿದರೆಂದು ಸಾರುವ ಇಂದಿನ ಪಂಡಿತರೂ ಇದೇ ಹಾದಿಯವರು.

ಜನಾಭಿಪ್ರಾಯಕ್ಕಾಗಿ ಗ್ರಂಥವು ದಿನಚರಿಗಳನ್ನೂ ಅವಲಂಬಿಸುತ್ತದೆ. ಅವುಗಳಲ್ಲಿ ಮಾರ್ಕಿ ದಾರ್ಜಾನ್ಸನನದು ಮುಖ್ಯವಾದದ್ದು. ಈತನು ಮೇಲೆ ಹೇಳಿದ ಮಂತ್ರಿಯ ಅಣ್ಣ. 1747ರಲ್ಲಿ ವಿದೇಶಾಂಗ ಮಂತ್ರಿಪದವಿಯನ್ನು ಕಳೆದುಕೊಂಡವನು. ಅಧಿಕಾರ ತಪ್ಪಿದವನು ಪ್ರಜೆಗಳು ದೊರೆಯನ್ನು ದ್ವೇಷಿಸುತ್ತಿದ್ದಾರೆಂದು ಬರೆದರೆ ಅದನ್ನು ತುಸು ತೂಗಿ ನೋಡಬೇಕಾಗುತ್ತದೆ.

ಮರುವರ್ಷ, 1750ರ ಮೇ ತಿಂಗಳಲ್ಲಿ, ಪೊಲೀಸರು ಮಕ್ಕಳನ್ನು ಹಿಡಿದೊಯ್ಯುತ್ತಿದ್ದಾರೆಂಬ ಸುದ್ದಿ ಹಬ್ಬಿ ಪ್ಯಾರಿಸಿನಲ್ಲಿ ದಂಗೆಯೆದ್ದಿತು. ರೋಗಪೀಡಿತನಾದ ರಾಜವಂಶೀಯನೊಬ್ಬನ ಸ್ನಾನಕ್ಕೆ ಮಕ್ಕಳ ರಕ್ತ ಬೇಕಂತೆ ಎಂಬ ಮಾತೂ ಹುಟ್ಟಿತು. ಅಲ್ಲಿ ಪದ್ಯವಿಲ್ಲ, ಕಾಲೇಜಿಲ್ಲ, ಸರಪಣಿಯೂ ಇಲ್ಲ. ಸಂತೆಯಲ್ಲಿಯೂ ಓಣಿಯಲ್ಲಿಯೂ ಮಾತು ಒಮ್ಮೆಲೇ ಎದ್ದಿತು. ಇನ್ನೊಂದು ಕಡೆ, ಜಾನ್ಸೆನ್ ಪಂಥದವರ ಗುಪ್ತ ವಾರಪತ್ರಿಕೆಯು 1728ರಿಂದ ವಾರವಾರವೂ ಹೊರಬೀಳುತ್ತಿತ್ತು; ಪೊಲೀಸರು ಎಷ್ಟು ಹುಡುಕಿದರೂ ಅದನ್ನು ನಿಲ್ಲಿಸಲಾಗಲಿಲ್ಲ. ಒಂದು ಬೇಸಿಗೆಯ ಪದ್ಯಗಳಿಗಿಂತ ಇಂತಹ ದೀರ್ಘಾಭ್ಯಾಸವೇ ಮನಸ್ಸನ್ನು ಹೆಚ್ಚು ತಿರುಗಿಸಿತೇನೋ. ಈ ಎರಡು ಜಾಲಗಳೊಡನೆ ಹೋಲಿಕೆಯು ವಾದದ ನಡುಮಧ್ಯದಲ್ಲಿಯೇ ನಿಲ್ಲಬೇಕಾಗಿತ್ತು.

ಗ್ರಂಥದ ನಿಜವಾದ ಸಂಪತ್ತು, ನಮ್ಮ ಅಭಿಪ್ರಾಯದಲ್ಲಿ, ಹಾಡುಗಳನ್ನು ಕುರಿತ ಭಾಗದಲ್ಲಿದೆ. ಪ್ಯಾರಿಸಿನ ಜನ ಎಲ್ಲರಿಗೂ ಗೊತ್ತಿದ್ದ ಹಳೆಯ ಮಟ್ಟುಗಳಿಗೆ ಹೊಸ ಮಾತು ಹೊಂದಿಸುತ್ತಿದ್ದರು. ಹದಿನಾಲ್ವರ ಪ್ರಕರಣದಲ್ಲಿ ಸಿಕ್ಕಿದ ಒಂದು ಹಾಡಿನಲ್ಲಿ ನುಡಿಗೊಬ್ಬರಂತೆ ಆಸ್ಥಾನದವರ ನಿಂದೆಯಿದೆ. ಯಾವುದನ್ನೂ ಲೆಕ್ಕಿಸದ ದೊರೆಯನ್ನು ಕುರಿತ ಪಲ್ಲವಿ ಪ್ರತಿ ನುಡಿಯ ಕೊನೆಯಲ್ಲಿ ಮರಳಿ ಬರುತ್ತದೆ. ಇಂತಹ ರಚನೆಗೆ ಯಾರು ಬೇಕಾದರೂ ಒಂದು ನುಡಿ ಕೂಡಿಸಬಹುದು, ಕೂಡಿಸಿಯೂ ಇದ್ದಾರೆ. ಆ ಕಾಲದ ಹಸ್ತಪ್ರತಿ ಸಂಗ್ರಹಗಳಲ್ಲಿ ಉಳಿದಿರುವ ಪಾಠಗಳನ್ನು ಗ್ರಂಥಕರ್ತರು ಒಂದರ ಪಕ್ಕದಲ್ಲೊಂದಿಟ್ಟು ತೋರಿಸಿದ್ದಾರೆ. ಗ್ರಂಥಸಂಪಾದನೆ ಮಾಡುವವರು ಪ್ರಕ್ಷಿಪ್ತವೆಂದು ಅಡಿಟಿಪ್ಪಣಿಗೆ ನೂಕುವ ನುಡಿಗಳೇ ಚರಿತ್ರಕಾರನಿಗೆ ಚಿನ್ನ. ಕೈಗೆ ಬಂದ ಹಾಡನ್ನು ಸುಮ್ಮನೆ ದಾಟಿಸಿದವನ ಅಂತರಂಗ ನಮಗೆ ತಿಳಿಯದು. ಆದರೆ ಅದಕ್ಕೆ ಒಂದು ನುಡಿಯನ್ನು ಸೇರಿಸಿದವನು, ಒಬ್ಬ ಮಂತ್ರಿಯ ಹೆಸರನ್ನು ತೆಗೆದು ಇನ್ನೊಬ್ಬನದನ್ನು ಇಟ್ಟವನು, ತನ್ನ ಮನಸ್ಸನ್ನು ಹೇಳಿಕೊಂಡಿದ್ದಾನೆ. ಮನೋಭಾವದ ಚಲನೆಗೆ ಪ್ರಮಾಣವಿರುವುದು ಬಾಣದ ಗುರುತಿನಲ್ಲಲ್ಲ, ಪಾಠಾಂತರದಲ್ಲಿ. ಡಾರ್ನ್‌ಟನ್ ಅವರು ಈ ಸಾಮಗ್ರಿಯನ್ನು ಮುಂದಿಟ್ಟೂ, ಅದರ ಮೇಲೆ ಇಡಬೇಕಾದಷ್ಟು ಭಾರವನ್ನು ಇಡಲಿಲ್ಲವೆಂಬುದೇ ನಮ್ಮ ಕೊರಗು.

ನಮಗೆ ಇದು ಪರದೇಶದ ಮಾತು ಮಾತ್ರವಲ್ಲ. 1942ರ ಚಳವಳಿಯನ್ನು ಕುರಿತು ಪ್ರಬಂಧ ಬರೆಯುವ ನಮ್ಮ ವಿದ್ಯಾರ್ಥಿಗಳು ಪೊಲೀಸ್ ವರದಿಗಳನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ. ಅಧಿಕಾರಿಗೆ ಕಂಡ ಪಿತೂರಿಯ ಆಕಾರವೇ ಜನಮನದ ಆಕಾರವಾಗಿ ಪ್ರಬಂಧದಲ್ಲಿ ಇಳಿಯುತ್ತದೆ. ನಾವೇ ಹಿಂದೆ ಹಾಗೆ ಬರೆದಿದ್ದೇವೆ. ನಮ್ಮಲ್ಲಿಯೂ ಹಾಡುಗಳಿಗೆ ಕೊರತೆಯಿಲ್ಲ. 1857ರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಎದುರಿಸಿದ ಹಲಗಲಿಯ ಬೇಡರ ಲಾವಣಿಯನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಅವರು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಸರ್ಕಾರದ ಅಧಿಕಾರಿಯೇ ಸರ್ಕಾರವನ್ನು ಎದುರಿಸಿದವರ ಹಾಡನ್ನು ಕಾಪಾಡಿದ್ದು ಪ್ಯಾರಿಸಿನ ದಫ್ತರದಷ್ಟೇ ವಿಚಿತ್ರವಾದ ಸಂಗತಿ. ಈ ಹಾಡುಗಳನ್ನು ನಾವು ಘಟನೆಯ ಸಾಕ್ಷ್ಯವೆಂದು ಓದಿ, ಇಸವಿಯನ್ನೂ ಹೆಸರುಗಳನ್ನೂ ಹೆಕ್ಕಿಕೊಂಡು, ಉಳಿದದ್ದನ್ನು ಬಿಟ್ಟಿದ್ದೇವೆ. ಫ್ಲೀಟ್ ಅವರ ಪಾಠಕ್ಕೂ ಇಂದಿನ ಗಾಯಕರ ಬಾಯಲ್ಲಿರುವುದಕ್ಕೂ ಎಲ್ಲಿ ವ್ಯತ್ಯಾಸವಿದೆ, ಯಾವ ನುಡಿ ಬಿದ್ದುಹೋಗಿದೆ, ಯಾವುದು ಹೊಸದಾಗಿ ಸೇರಿದೆ ಎಂಬುದನ್ನು ಗುರುತಿಸುವ ಕೆಲಸವನ್ನು ಈ ವರ್ಷ ನಮ್ಮ ಇಬ್ಬರು ವಿದ್ಯಾರ್ಥಿಗಳಿಗೆ ಒಪ್ಪಿಸಿದ್ದೇವೆ.