ಸಣ್ಣ ಅನುದಾನ, ದೊಡ್ಡ ಫೈಲು

ಡೊಂಬಿವಲಿ, ಕಲ್ಯಾಣ, ಠಾಣೆ ಕಡೆಯ ನಮ್ಮ ಕನ್ನಡ ಸಂಘಗಳಿಗೆ ದುಡ್ಡೇ ಹುಟ್ಟುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡು ಹುಟ್ಟುತ್ತದೆ, ಆದರೆ ಒಂದು ದಿನದ ಮಟ್ಟಿಗೆ. ವಾರ್ಷಿಕೋತ್ಸವ ಎಂದರೆ ಹೋಟೆಲಿನವರು, ಬಿಲ್ಡರುಗಳು ಸ್ಮರಣ ಸಂಚಿಕೆಗೆ ಜಾಹೀರಾತು ಕೊಡುತ್ತಾರೆ. ಧನಸಹಾಯ ಕೇಳಿ ಬೆಂಗಳೂರಿಗೂ ಅರ್ಜಿ ಹೋಗುತ್ತದೆ. ಹಾಲ್ ಬಾಡಿಗೆ, ಮೈಕು, ಶಾಲು, ಹಾರ, ಊಟ ಎಲ್ಲಕ್ಕೂ ರಸೀದಿ ಉಂಟು, ಫೋಟೋ ಉಂಟು. ಅದೇ ಸಂಘದ ವಾಚನಾಲಯದಲ್ಲಿ ಸಂಜೆ ಎರಡು ಗಂಟೆ ಕೂತು ಪುಸ್ತಕ ಕೊಡುವ ಹುಡುಗನ ಸಂಬಳಕ್ಕೆ ದುಡ್ಡು ಕೇಳಿ ನೋಡಿ! ಅದರಲ್ಲಿ ಫೋಟೋ ಹಿಡಿಯುವಂಥದ್ದು ಏನೂ ಇಲ್ಲ.

ನಿವೃತ್ತಿಯ ನಂತರ ಇಲ್ಲಿಯ ಒಂದು ಸಣ್ಣ ಸಂಘದ ಲೆಕ್ಕಪತ್ರ ನೋಡಿಕೊಂಡಿದ್ದೆ. ಒಂದು ವರ್ಷ ಹೆಂಗಸರ ಹೊಲಿಗೆ ತರಬೇತಿಗೆಂದು ಒಂದು ಕಡೆಯಿಂದ, ಹೆಸರು ಬೇಡ, ಇಪ್ಪತ್ತೈದು ಸಾವಿರ ಮಂಜೂರಾಯಿತು. ಹಣ ಕೈಸೇರಿದ್ದು ಮಾರ್ಚ್ ಎರಡನೇ ವಾರ. 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕಂತೆ. ಹದಿನೈದು ದಿನದಲ್ಲಿ ಯಾರಿಗೆ ಹೊಲಿಗೆ ಬಂದೀತು? ಮೆಷಿನ್ ಬಂತು, ರಿಬ್ಬನ್ ಕತ್ತರಿಸಿದ್ದಾಯಿತು. ಟೀಚರಿಗೆ ಸಂಬಳ ಕೊಡಲು ಮಾತ್ರ ಆ ಹಣದಲ್ಲಿ ಬಾಬತ್ತೇ ಇರಲಿಲ್ಲ. ಚಾಲಿನ ಹೆಂಗಸರು ಎರಡು ತಿಂಗಳು ಬಂದರು, ಆಮೇಲೆ ನಿಂತರು. ಕಾಗದದಲ್ಲಿ ಆ ಯೋಜನೆ ನೂರಕ್ಕೆ ನೂರು ಯಶಸ್ವಿ.

ಬ್ಯಾಂಕಿನವನಾದ ನನಗೆ ಇಲ್ಲಿ ನೆನಪಾಗುವುದು ಬೆಂಗಳೂರಿನ ಮೈರಾಡಾ ಸಂಸ್ಥೆ. ಅದು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು 1984-85ರ ಸುಮಾರಿಗೆ ಒಡೆದವು. ಸಾಲ ಪಡೆದವರು ಓಡಿಹೋಗಲಿಲ್ಲ. ನಿಮಗೆ ಕಟ್ಟುತ್ತೇವೆ, ಆ ಅಧ್ಯಕ್ಷರ ಕೈಗೆ ಕೊಡುವುದಿಲ್ಲ ಎಂದರು. ಹಾಗೆ ಹುಟ್ಟಿದ ಸಣ್ಣ ಗುಂಪುಗಳೇ ಮುಂದೆ ಸ್ವಸಹಾಯ ಗುಂಪು ಎನಿಸಿದವು. 1987ರಲ್ಲಿ ನಬಾರ್ಡ್ ಮೈರಾಡಾಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಮೊದಲು ಗುಂಪಿಗೆ ತರಬೇತಿ, ಬಳಿಕ ಅವರ ಸ್ವಂತ ಉಳಿತಾಯಕ್ಕೆ ಜೋಡಿಸಲು ಈ ಹಣ. 1992ರಲ್ಲಿ 500 ಗುಂಪುಗಳ ಪ್ರಾಯೋಗಿಕ ಯೋಜನೆ ಬಂತು. ಗುಂಪು ನೋಂದಣಿಯಾಗಿರಬೇಕಿಲ್ಲ, ಅಡಮಾನ ಬೇಡ, ಯಾವ ಸದಸ್ಯೆಗೆ ಯಾತಕ್ಕೆ ಸಾಲ ಎಂಬುದನ್ನು ಗುಂಪೇ ತೀರ್ಮಾನಿಸಲಿ ಎಂದು ಬ್ಯಾಂಕುಗಳಿಗೆ ಹೇಳಲಾಯಿತು. ಅಡಮಾನವಿಲ್ಲದೆ ಪೆನ್ನು ಮುಟ್ಟದ ನಮ್ಮಂಥವರಿಗೆ ಇದು ಸುಲಭದಲ್ಲಿ ಗಂಟಲಿಗಿಳಿಯುವ ಮಾತಲ್ಲ. ಆದರೂ ಅದು ದೇಶವಿಡೀ ಹಬ್ಬಿತು. ಅಲ್ಲಿ ದುಡ್ಡು ಹೋದದ್ದು ಆಗಲೇ ನಡೆಯುತ್ತಿದ್ದ ಕೆಲಸದ ಹಿಂದೆ. ನಮ್ಮಲ್ಲಿ ದುಡ್ಡು ಬರುತ್ತದೆಂದು ಕೆಲಸ ಹುಟ್ಟಿಸುತ್ತಾರೆ.

ಕಂಪನಿಗಳ ದುಡ್ಡಿನ ಕತೆಯೂ ಅಷ್ಟೇ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಸ್ಥಳೀಯ ಪ್ರದೇಶಕ್ಕೆ ಆದ್ಯತೆಯನ್ನೂ ಕೊಡಬೇಕು. ಠಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ, ತಳೋಜಾದಲ್ಲಿ, ಡೊಂಬಿವಲಿ ಎಂಐಡಿಸಿಯಲ್ಲಿ ಕಾರ್ಖಾನೆಗಳಿಗೇನು ಬರವೇ? ಆದರೆ ಆ ಹಣ ಪಡೆಯಬೇಕಾದರೆ 12ಎ ಬೇಕು, 80ಜಿ ಬೇಕು, 2021ರ ಏಪ್ರಿಲ್‌ನಿಂದ ಸಿಎಸ್ಆರ್-1 ನೋಂದಣಿಯೂ ಬೇಕು. ಸಂಜೆಯ ಲೋಕಲ್‌ನಲ್ಲಿ ನೇತಾಡಿಕೊಂಡು ಬಂದು ರಾತ್ರಿ ಸಂಘದ ಬೀಗ ತೆಗೆಯುವ ಕಾರ್ಯದರ್ಶಿ ಇದನ್ನೆಲ್ಲ ಯಾವಾಗ ಮಾಡಬೇಕು? ಲೆಕ್ಕ ಬೇಡ ಎಂದು ನಾನು ಹೇಳುತ್ತಿಲ್ಲ, ಎಂ.ಕಾಂ. ಓದಿ ಹಾಗೆ ಹೇಳಲೂ ಆಗದು. ಇಪ್ಪತ್ತೈದು ಸಾವಿರಕ್ಕೂ ಇಪ್ಪತ್ತೈದು ಲಕ್ಷಕ್ಕೂ ಒಂದೇ ದಪ್ಪದ ಫೈಲು ಯಾಕೆ ಎಂಬುದು ನನ್ನ ತಕರಾರು.

ಇನ್ನು ನಮ್ಮವರಿಗೂ ಒಂದು ಮಾತು. ಮುಂಬಯಿಯಲ್ಲಿ ಹೋಟೆಲು ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದ ಹಿರಿಯರು ವರ್ಷವಿಡೀ ದುಡಿದರು. ನಾವು ಅರ್ಜಿ ಬರೆಯಲು ಕೂತರೆ ಮೊದಲ ಸಾಲಿಗೇ ಸನ್ಮಾನ ಬರುತ್ತದೆ. ಕೊಡುವವರನ್ನಷ್ಟೇ ದೂರಿ ಏನು ಪ್ರಯೋಜನ?

ನೋಂದಾಯಿತ ಸಂಘಗಳ ಆಡಿಟ್ ಆದ ಲೆಕ್ಕ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಂತೆ ಪ್ರತಿ ವರ್ಷ ಚಾರಿಟಿ ಕಮಿಷನರ್ ಕಚೇರಿಗೆ ಹೇಗೂ ಹೋಗಬೇಕು. ಸಣ್ಣ ಮೊತ್ತಕ್ಕೆ ಅದನ್ನೇ ಆಧಾರವಾಗಿಟ್ಟು ಮೂರು ವರ್ಷಕ್ಕೆ ಒಂದೇ ಸಲ ಮಂಜೂರು ಮಾಡಲಿ, ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಕಂತು ಬರಲಿ, ಟೀಚರ ಸಂಬಳವನ್ನು ಖರ್ಚೆಂದು ಒಪ್ಪಲಿ. ಸಂಘಗಳು ಸ್ಮರಣ ಸಂಚಿಕೆಯ ಜಾಹೀರಾತು ಹಣದಲ್ಲಿ ಒಂದು ಪಾಲನ್ನು ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು ಇಡಲಿ. ಈ ವರ್ಷದ ಮಹಾಸಭೆಯ ಕಾರ್ಯಸೂಚಿಗೆ ಇದನ್ನು ಸೇರಿಸಲು ಯಾರ ಮಂಜೂರಾತಿಯೂ ಬೇಕಾಗಿಲ್ಲ.