ನಿಧಾನವಾಗಿ ಚಲಿಸುವುದೆಲ್ಲ ನಿರಪಾಯವೇ?

ಸ್ಮಾರ್ಟ್ ಕ್ಲಾಸಿನ ದೊಡ್ಡ ಪರದೆಯನ್ನು ಈಗ ಕೆಲವು ಶಾಲೆಗಳಲ್ಲಿ ಮೋಟಾರು ಅಳವಡಿಸಿದ ಸ್ಟ್ಯಾಂಡಿನ ಮೇಲೆ ಕೂರಿಸುತ್ತಾರೆ. ಗುಂಡಿ ಒತ್ತಿದರೆ ಪರದೆ ಏರುತ್ತದೆ, ಇಳಿಯುತ್ತದೆ. ಚಿಕ್ಕ ಮಗುವಿಗೂ ಗಾಲಿಕುರ್ಚಿಯಲ್ಲಿರುವ ಮಗುವಿಗೂ ಅದು ಕೈಗೆಟಕುತ್ತದೆ. ಈ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಆಕ್ಷೇಪವಿರುವುದು ಅದರ ಬಳಕೆಯನ್ನು ಕಲಿಸುವ ರೀತಿಯ ಬಗ್ಗೆ.

ಶಿಕ್ಷಕರ ತರಬೇತಿಯೊಂದರಲ್ಲಿ ಇಂಥ ಸ್ಟ್ಯಾಂಡಿನ ಪ್ರಾತ್ಯಕ್ಷಿಕೆ ನೋಡಿದೆ. ಸಾಫ್ಟ್‌ವೇರಿನ ವಿವರಣೆಗೆ ಒಂದೂವರೆ ಗಂಟೆ. ಸ್ಟ್ಯಾಂಡಿಗೆ ಒಂದೇ ಮಾತು: "ಇದು ಬಹಳ ನಿಧಾನ, ಹೆದರಬೇಕಾಗಿಲ್ಲ." ಭೌತಶಾಸ್ತ್ರದ ಶಿಕ್ಷಕರು ಈ ಮಾತನ್ನು ಒಪ್ಪಬಾರದು. ವೇಗ ಬೇರೆ, ಬಲ ಬೇರೆ.

ಲೆಕ್ಕ ಹಾಕಿ ನೋಡಿ. 50 ಕಿಲೋಗ್ರಾಂ ರಾಶಿಯ ಪರದೆಯನ್ನು 20 ಸೆಕೆಂಡಿನಲ್ಲಿ ಅರ್ಧ ಮೀಟರು ಎತ್ತಲು 245 ಜೂಲ್ ಕೆಲಸ, ಅಂದರೆ ಸುಮಾರು 12 ವಾಟ್ ಸಾಮರ್ಥ್ಯ ಸಾಕು. ಒಂದು ಎಲ್‌ಇಡಿ ಬಲ್ಬಿನಷ್ಟೇ! ಆದರೆ ಬೇಕಾಗುವ ಬಲ 490 ನ್ಯೂಟನ್. ಗಿಯರುಗಳು ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತವೆ. ಇಳಿಯುವ ಪರದೆಗೂ ಬೆಂಚಿನ ಅಂಚಿಗೂ ನಡುವೆ ಬೆರಳು ಸಿಕ್ಕಿದರೆ, ಆ ಬಲದ ಬಹುಪಾಲು ಕೆಲವೇ ಚದರ ಸೆಂಟಿಮೀಟರಿನ ಮೇಲೆ ಬೀಳಬಹುದು.

"ಅಡ್ಡಿ ಬಂದರೆ ತಾನೇ ನಿಲ್ಲುತ್ತದೆ" ಎಂದು ಮಾರುವವರು ಹೇಳುತ್ತಾರೆ. ಇಂಥ ಹಲವು ವ್ಯವಸ್ಥೆಗಳು ಮೋಟಾರಿನ ವಿದ್ಯುತ್ ಪ್ರವಾಹ ಏರಿದುದನ್ನು ಕಂಡು ನಿಲ್ಲುತ್ತವೆ. ಎಂದರೆ ಮೊದಲು ಒತ್ತಡ ಬೀಳಬೇಕು, ಆಮೇಲೆ ನಿಲುಗಡೆ. ಪರೀಕ್ಷಿಸುವುದಾದರೆ ರಟ್ಟಿನ ಡಬ್ಬಿಯಿಂದ ಪರೀಕ್ಷಿಸಿ, ಕೈಯಿಂದಲ್ಲ.

ಇನ್ನೊಂದು ಅಪಾಯ ಉರುಳುವಿಕೆ. ಪರದೆ ಮತ್ತು ಸ್ಟ್ಯಾಂಡಿನ ಒಟ್ಟು ರಾಶಿ 90 ಕಿಲೋಗ್ರಾಂ, ಗುರುತ್ವ ಕೇಂದ್ರದ ಲಂಬರೇಖೆಯಿಂದ ಮುಂದಿನ ಚಕ್ರಗಳಿಗೆ 35 ಸೆಂಟಿಮೀಟರು ದೂರ ಎಂದುಕೊಳ್ಳಿ. ಚಕ್ರಗಳಿಗೆ ಬ್ರೇಕು ಹಾಕಿದೆ. ಪರದೆಯ ಮೇಲಂಚು 1.56 ಮೀಟರು ಎತ್ತರದಲ್ಲಿದ್ದರೆ ಅದನ್ನು ಮುಂದಕ್ಕೆ ಎಳೆದು ಉರುಳಿಸಲು ಸುಮಾರು 198 ನ್ಯೂಟನ್ ಬೇಕು. 2.06 ಮೀಟರಿಗೆ ಏರಿಸಿದರೆ 150 ನ್ಯೂಟನ್ ಸಾಕು. ಇದು 15 ಕಿಲೋಗ್ರಾಂ ತೂಕದಷ್ಟು ಎಳೆತ. ಪ್ರೌಢಶಾಲೆಯ ವಿದ್ಯಾರ್ಥಿಗೆ ಕಷ್ಟವಲ್ಲ.

ಹಾಗಾಗಿ "ಜೋಪಾನ" ಎಂಬ ಒಂದು ಪದ ಸಾಲದು. ಈ ಕ್ರಮಗಳನ್ನು ಪಾಲಿಸಿ:

• ಕೊಳ್ಳುವಾಗ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಚಲಿಸುವ ಗುಂಡಿಯನ್ನು ಕೇಳಿ. ಕೈ ಬಿಟ್ಟ ಕೂಡಲೇ ಪರದೆ ನಿಲ್ಲಬೇಕು.
• ಗುಂಡಿ ಶಿಕ್ಷಕರ ಕೈಯಲ್ಲಿರಲಿ. ಪರದೆಯ ಮೇಲೆ ಕಣ್ಣಿಟ್ಟೇ ಒತ್ತಿ.
• ಚಲನೆ ಮುಗಿಯುವವರೆಗೆ ಮಕ್ಕಳು ಒಂದು ಮೀಟರು ದೂರವಿರಲಿ. ಪರದೆಯ ಕೆಳಗೆ ಬೆಂಚು, ಕುರ್ಚಿ ಬೇಡ.
• ಸ್ಥಳ ಬದಲಿಸುವ ಮುನ್ನ ಪರದೆಯನ್ನು ಪೂರ್ತಿ ಇಳಿಸಿ, ಪ್ಲಗ್ ತೆಗೆಯಿರಿ. ಇಬ್ಬರು ವಯಸ್ಕರು ತಳ್ಳಲಿ, ಮಕ್ಕಳಲ್ಲ.
• ಮೋಟಾರನ್ನು ಬಿಡುವಿಲ್ಲದೆ ಓಡಿಸಬೇಡಿ. 2 ನಿಮಿಷ ಓಡಿದರೆ 18 ನಿಮಿಷ ವಿಶ್ರಾಂತಿ ಎಂಬ ಮಿತಿ ಇಂಥ ಮೋಟಾರುಗಳಲ್ಲಿ ಸಾಮಾನ್ಯ.

ಮೇಲಿನ ಲೆಕ್ಕಕ್ಕೆ ಬೇಕಾದುದು ಪ್ರೌಢಶಾಲೆಯ ಭೌತಶಾಸ್ತ್ರವಷ್ಟೇ. ನಿಮ್ಮ ಶಾಲೆಯ ಸ್ಟ್ಯಾಂಡಿನ ಅಳತೆಗಳನ್ನು ಹಿಡಿದು ವಿದ್ಯಾರ್ಥಿಗಳಿಂದಲೇ ಇದನ್ನು ಮಾಡಿಸಿ. ತಾನೇ ಲೆಕ್ಕ ಹಾಕಿದ ಮಗು ಇಳಿಯುವ ಪರದೆಯ ಕೆಳಗೆ ಕೈ ಇಡುವ ಮೊದಲು ಯೋಚಿಸುತ್ತದೆ.